ಎಲೆ ಬದಲಿಸುವ ಕೌಶಲ

ಓಡುತ್ತಿರುವ ಸರ್ವರ್‌ನಿಂದ ಮೆಮೊರಿ ಕೀಳುವುದೆಂದರೆ, ಊಟಕ್ಕೆ ಕೂತವರನ್ನು ಎಬ್ಬಿಸದೆ ಎಲೆ ಬದಲಿಸಿದಂತೆ. ಹಾರ್ಡ್‌ವೇರ್ ಒಪ್ಪಿದರೆ ಲಿನಕ್ಸ್ ಕರ್ನಲ್ ಅದನ್ನೂ ಮಾಡುತ್ತದೆ. ಮೆಮೊರಿ ಬ್ಲಾಕಿನ ಸ್ಟೇಟ್ ಫೈಲಿಗೆ ‘ಆಫ್‌ಲೈನ್’ ಎಂದು ಬರೆದರಾಯಿತು. ಮೊದಲು ಹೊಸಬರಿಗೆ ಬಾಗಿಲು ಬಂದ್. ಬ್ಲಾಕು 128 ಎಂಬಿಯದಾದರೆ ಅದರಲ್ಲಿ 4 ಕೆಬಿಯ 32,768 ಪುಟಗಳು. ಅವುಗಳಲ್ಲಿ ಬಳಕೆಯಲ್ಲಿರುವುದನ್ನೆಲ್ಲ ಕರ್ನಲ್ ಬೇರೆಡೆ ನಕಲಿಸಿ, ಯಾವ ವಿಳಾಸ ಯಾವ ಪುಟಕ್ಕೆ ಎಂದು ಹೇಳುವ ಪೇಜ್ ಟೇಬಲ್ ತಿದ್ದುತ್ತದೆ. ಪ್ರೋಗ್ರಾಮಿಗೆ ಸುಳಿವೂ ಸಿಗದು, ಅದು ಕಾಣುವ ವಿಳಾಸ ಹಳೆಯದೇ!

ತೊಡಕಿರುವುದು ಕರ್ನಲ್‌ನ ಸ್ವಂತ ಸಾಮಾನಿನಲ್ಲಿ. ಅದು ಬಹುಪಾಲು ಕದಲುವುದಿಲ್ಲ. ಅಂಥದೊಂದು ಪುಟ ಕೂತರೂ ಇಡೀ ಬ್ಲಾಕು ಬಿಡುಗಡೆಯಾಗದು. ಅದಕ್ಕೇ ‘ಝೋನ್ ಮೂವಬಲ್’ ಎಂಬ ವಲಯ: ಎತ್ತಿಡಬಹುದಾದ ಪುಟಗಳಿಗಷ್ಟೇ ಅಲ್ಲಿ ಜಾಗ. ಯಜಮಾನನೇ ತನ್ನ ಗಂಟುಮೂಟೆ ಹೊರಗಿಟ್ಟ ಈ ವಿವೇಕ ನನಗೆ ಬಲು ಇಷ್ಟ. ಮುಂದೆ ಕೀಳುವ ಯೋಚನೆಯಿದ್ದರೆ, ಮೆಮೊರಿಯನ್ನು ಸೇರಿಸುವಾಗಲೇ ಆ ವಲಯಕ್ಕೆ ಹಾಕಿ.