ಎರೆ ನೆಲಕ್ಕೆ ಕಾರ್ಬನ್ ಫ್ರೇಮ್

ಕಾರ್ಬನ್ ಫ್ರೇಮ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಎರಡು ಬೆರಳಲ್ಲಿ ಎತ್ತಿ ನೋಡುತ್ತಾರೆ. ಸಾದಾ ಸೈಕಲ್ಲಿಗೆ ಆ ಪರೀಕ್ಷೆ ಸರಿ. ನಮ್ಮ ಸೊಲ್ಲಾಪುರ ಸೀಮೆಯಿಂದ ಭೀಮಾ ನದಿಯ ಆಚೆ ವಿಜಯಪುರ, ಬಾಗಲಕೋಟೆ ಕಡೆಯ ರೇಸ್ ಹುಡುಗರಿಗೆ ನೂರು ಗ್ರಾಮೂ ಲೆಕ್ಕವೇ. ಎಲೆಕ್ಟ್ರಿಕ್ ಎಂಡ್ಯೂರೋ ಬೈಕಿಗೆ ಮಾತ್ರ ಅದು ತಪ್ಪು ತಕ್ಕಡಿ. ಮೋಟರ್ ಸುಮಾರು ನಾಲ್ಕು ಕಿಲೋ, ಬ್ಯಾಟರಿ ಮತ್ತೆ ಅಷ್ಟೇ, ಮೇಲೆ ಉದ್ದನೆಯ ಫೋರ್ಕು, ದಪ್ಪ ಟೈರು. ಜೋಡಿಸಿ ಮುಗಿಸುವ ಹೊತ್ತಿಗೆ ಗಾಡಿ 22ರಿಂದ 25 ಕಿಲೋ ಮುಟ್ಟುತ್ತದೆ. ಅಲ್ಯೂಮಿನಿಯಂ ಬಿಟ್ಟು ಕಾರ್ಬನ್ ಹಾಕಿ ಉಳಿಸಿದ ಒಂದು ಕಿಲೋ ಏರಿನಲ್ಲಿ ಮೋಟರಿಗೆ ಗೊತ್ತೂ ಆಗುವುದಿಲ್ಲ.

ಹಾಗಂತ ಕಾರ್ಬನ್ ಬರೀ ಷೋಕಿಯಲ್ಲ. ಎಂಡ್ಯೂರೋ ಅಂದರೆ ಇಳಿಜಾರಿನ ಆಟ. 2013ರಲ್ಲಿ ಶುರುವಾದ ಎಂಡ್ಯೂರೋ ವರ್ಲ್ಡ್ ಸೀರೀಸ್‌ನಲ್ಲಿ ಗಡಿಯಾರ ಓಡುತ್ತಿದ್ದದ್ದು ಹೆಚ್ಚಾಗಿ ಇಳಿಯುವಾಗಲೇ. ಕಲ್ಲಿನ ಮೇಲಿಂದ ಧುಮುಕುವ ಗಾಡಿಯಲ್ಲಿ ಹೆಡ್ ಟ್ಯೂಬ್ ಮತ್ತು ಮೋಟರ್ ಗೂಡಿನ ಮೇಲೆ ಬೀಳುವ ಪೆಟ್ಟು ದೊಡ್ಡದು. ಎಳೆಗಳನ್ನು ಆ ಪೆಟ್ಟು ಬರುವ ದಿಕ್ಕಿಗೇ ಹಾಸಿ, ಬೇಕಾದಲ್ಲಿ ದಪ್ಪ, ಬೇಡದಲ್ಲಿ ತೆಳುವಾಗಿ ಕಟ್ಟುವ ಅನುಕೂಲ ಕಾರ್ಬನ್ನಿಗೆ ಇದೆ. ಅಲ್ಯೂಮಿನಿಯಂ ಸಣ್ಣ ಪೆಟ್ಟುಗಳಿಗೂ ವರ್ಷಗಳ ಮೇಲೆ ದಣಿದು ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ಚೆನ್ನಾಗಿ ಮಾಡಿದ ಕಾರ್ಬನ್ ಹಾಗೆ ಸುಲಭಕ್ಕೆ ದಣಿಯುವುದಿಲ್ಲ. ‘ಚೆನ್ನಾಗಿ ಮಾಡಿದ’ ಅನ್ನುವುದನ್ನು ಫೋಟೋ ನೋಡಿ ತಿಳಿಯಲಾಗದು, ತೊಡಕೇ ಅದು. ಟೋರೇ ಟಿ700, ಟಿ800 ಎಂದು ಎಳೆಯ ಹೆಸರು ಹೇಳಿ ಮಾರುವವರು ಹಾಸಿದ ಬಗೆಯನ್ನು ಹೇಳುವುದಿಲ್ಲ.

ಫ್ರೇಮ್ ಆರಿಸುತ್ತೇವೆ ಅನ್ನುವವರು ನಿಜಕ್ಕೂ ಆರಿಸುವುದು ಮೋಟರನ್ನು. ಮೋಟರಿನ ಬೋಲ್ಟುಗಳ ಜಾಗಕ್ಕೆ ಕಂಪನಿಗಳ ನಡುವೆ ಒಂದೇ ಅಳತೆಯಿಲ್ಲ. ಬಾಫಾಂಗ್ ಎಂ500, ಎಂ600 ಒಂದೇ ಗೂಡಿಗೆ ಕೂರುತ್ತವೆ. ಅದೇ ಕಂಪನಿಯ ಎಂ620 ಅಲ್ಲಿ ಕೂರದು, ಶಿಮಾನೋ ಇಪಿ8 ಅಂತೂ ದೂರದ ಮಾತು. ಮೋಟರ್ ಬಣ ಬದಲಾದ ದಿನ ಫ್ರೇಮ್ ಗೋಡೆಗೆ ತೂಗುಹಾಕುವ ವಸ್ತು.

ಚೀನಾದಿಂದ ಬಿಡಿಯಾಗಿ ತರಿಸುವ ಎಂಡ್ಯೂರೋ ಫ್ರೇಮುಗಳಲ್ಲಿ ಎಂ600ದ ಗೂಡು ಇರುವವು ಬಹಳ. ಅದು 500 ವ್ಯಾಟ್, 120 ನ್ಯೂಟನ್ ಮೀಟರ್ ಮೋಟರು. ನಮ್ಮ ದೇಶದಲ್ಲಿ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಿಸಬಹುದಾದ್ದು 250 ವ್ಯಾಟಿನೊಳಗೆ, ಗಂಟೆಗೆ 25 ಕಿಲೋಮೀಟರಿನೊಳಗೆ. ಸೊಲ್ಲಾಪುರ ಜಿಲ್ಲೆಯ ಹನ್ನೂರದಿಂದ ಅಕ್ಕಲಕೋಟಕ್ಕೆ ಡಾಂಬರು ರಸ್ತೆಯಲ್ಲಿ ಹೊರಟರೆ ಆ ಗಾಡಿ ಕಾನೂನಿನ ಕಣ್ಣಿಗೆ ಸೈಕಲ್ಲೇ ಅಲ್ಲ. ಮಾರುವವರು ಈ ಮಾತು ಎತ್ತುವುದು ಅಪರೂಪ.

ಇನ್ನು ನಮ್ಮ ನೆಲ. ಅಕ್ಕಲಕೋಟ ತಾಲ್ಲೂಕಿನ ಎರೆ ಹೊಲದಲ್ಲಿ ಒಂದು ಮಳೆ ಬಿದ್ದ ಮೇಲೆ ಗಾಲಿ ಉರುಳಿಸಿ ನೋಡಿ. ಹತ್ತು ಮಾರು ಹೋಗುವುದರೊಳಗೆ ಟೈರಿಗೂ ಹಿಂದಿನ ಕವಲಿಗೂ ನಡುವೆ ಮಣ್ಣು ಗಟ್ಟಿಯಾಗಿ ಮೆತ್ತುತ್ತದೆ. ಅದರೊಳಗಿನ ಹರಳು, ಗಾಲಿ ತಿರುಗಿದಷ್ಟೂ ಒಳಮೈಯನ್ನು ಉಪ್ಪುಕಾಗದದಂತೆ ತೀಡುತ್ತದೆ. ಅಲ್ಯೂಮಿನಿಯಂನಲ್ಲಿ ಬಣ್ಣ ಹೋಗಿ ಲೋಹ ಸವೆಯಲು ಸಮಯ ಬೇಕು. ಕಾರ್ಬನ್ನಿನಲ್ಲಿ ಬಣ್ಣದ ಕೆಳಗೆ ಸಿಗುವುದೇ ಎಳೆ, ಅದು ಕಡಿದರೆ ಬಲವೂ ಹೋಯಿತು. ಹಾಗಾಗಿ ಈ ಸೀಮೆಯವರು ಮೊದಲು ಕೇಳಬೇಕಾದ್ದು ತೂಕವಲ್ಲ, 2.4 ಇಂಚಿನ ಟೈರು ಹಾಕಿದ ಮೇಲೆ ಎರಡೂ ಪಕ್ಕ ಬೆರಳು ತೂರುವಷ್ಟು ಜಾಗ ಉಳಿಯುತ್ತದೆಯೇ ಎಂದು. ಅನೇಕ ಫ್ರೇಮು ಇಲ್ಲೇ ಸೋಲುತ್ತವೆ.

ಬಿಸಿಲಿನ ವಿಷಯದಲ್ಲಿ ಹೆದರಿಕೆ ಅರ್ಧ ಸುಳ್ಳು. ಸೊಲ್ಲಾಪುರದ ಮೇ ತಿಂಗಳು 40 ಡಿಗ್ರಿ ದಾಟಿದರೂ ಒಳ್ಳೆಯ ಫ್ರೇಮಿನಲ್ಲಿ ಎಳೆಗಳನ್ನು ಹಿಡಿದಿಡುವ ರಾಳ ಮೆತ್ತಗಾಗುವುದಿಲ್ಲ. ಕೆಳಗಿನ ಕೊಳವೆಯೊಳಗೆ ಮುಚ್ಚಿಟ್ಟ ಬ್ಯಾಟರಿಯ ಗತಿ ಬೇರೆ. ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದಾಗ ಚಾರ್ಜಿಗೆ ಹಾಕಬಾರದು. ಪತ್ರಾಸಿನ ಕೆಳಗೆ ನಿಲ್ಲಿಸಿದ ಕರಿ ಫ್ರೇಮಿನಲ್ಲಿ ಮಧ್ಯಾಹ್ನ ಅಷ್ಟು ಕಾವು ಸಹಜ. ಬ್ಯಾಟರಿ ಹೊರಗೆ ತೆಗೆಯಲು ಬಾರದ ಫ್ರೇಮು ಇಲ್ಲಿಗೆ ಬೇಡವೇ ಬೇಡ.

ರಿಪೇರಿಯಲ್ಲಿ ಕಾರ್ಬನ್ನಿಗೆ ಅರ್ಧ ಅಂಕ. ಕೀಲುಗಳ ಬೇರಿಂಗು 6902ರಂಥ ಸಾಮಾನ್ಯ ನಂಬರಿನದಾದರೆ ಸೊಲ್ಲಾಪುರದ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು. ಶಾಕ್ 230 ಇಂಟು 65ರ ಅಳತೆಯದಾದರೆ ನಾಲ್ಕು ಕಂಪನಿಯದು ಸಿಗುತ್ತದೆ. 65 ಮಿಲಿಮೀಟರ್ ಸ್ಟ್ರೋಕಿಗೆ ಎರಡೂವರೆ ಪಟ್ಟು ಹಿಡಿದರೂ ಹಿಂದಿನ ಗಾಲಿಗೆ 160ರ ಮೇಲೆ ಚಲನೆ, ಎಂಡ್ಯೂರೋಗೆ ಧಾರಾಳ. ಫ್ರೇಮೇ ಏಟು ತಿಂದರೆ ಕಥೆ ಬೇರೆ. ಒಳಗೆ ಪದರ ಬಿಟ್ಟದ್ದು ಹೊರಗೆ ಕಾಣದೆ ಇರಬಹುದು. ನಾಣ್ಯದಿಂದ ಬಡಿದಾಗ ಟಣ್ ಅನ್ನುವ ಕಡೆ ಮಂಕು ಸದ್ದು ಬಂದರೆ ಸಂಶಯಪಡಬೇಕು, ಅಷ್ಟೇ ನಮ್ಮ ಕೈಲಾಗುವುದು.

ಸೊಲ್ಲಾಪುರದ ಸುತ್ತ ಇಳಿಜಾರು ಬೇಕೆಂದರೆ ತುಳಜಾಪುರದ ಬಾಲಾಘಾಟ್ ಗುಡ್ಡಕ್ಕೆ ಹೋಗಬೇಕು. ಸಹ್ಯಾದ್ರಿಗೆ ಹೋಗಿ ವರ್ಷವಿಡೀ ಇಳಿಯುವವರು ಕಾರ್ಬನ್ ಕೊಳ್ಳಲಿ, ತಕರಾರಿಲ್ಲ. ಹನ್ನೂರದಲ್ಲಿದ್ದು ತಿಂಗಳಿಗೊಮ್ಮೆ ತುಳಜಾಪುರ ಹತ್ತುವವರಿಗೆ 250 ವ್ಯಾಟ್ ಮೋಟರಿನ, 140 ಮಿಲಿಮೀಟರ್ ಚಲನೆಯ ಅಲ್ಯೂಮಿನಿಯಂ ಫ್ರೇಮೇ ಮೇಲು. ಆದರೂ ಕಾರ್ಬನ್ನೇ ಬೇಕೆಂದರೆ ಹಣ ಕಳಿಸುವ ಮುಂಚೆ ಸೈಕಲ್ ಸುರಕ್ಷತೆಯ ಐಎಸ್‌ಒ 4210 ಪರೀಕ್ಷೆಯ ವರದಿ ಕೇಳಿ, ಎರಡು ಡಿರೇಲರ್ ಹ್ಯಾಂಗರ್ ಹೆಚ್ಚಿಗೆ ತರಿಸಿ. ವರದಿ ಕೊಡದವರ ಫ್ರೇಮು ಎಷ್ಟೇ ಹಗುರವಿದ್ದರೂ ಬಿಟ್ಟುಬಿಡಿ.