ಅಗಸ್ಟೀನನ ತೋಟಕ್ಕೆ ಬಂದವರು

ಅಗಸ್ಟೀನನ ‘ಕನ್‌ಫೆಷನ್ಸ್’ನಲ್ಲಿ ಹದಿಮೂರು ಪುಸ್ತಕಗಳಿವೆ. ಪ್ರಸಂಗಗಳಲ್ಲಿ ನಮ್ಮ ಕಿವಿಗೆ ಬೀಳುವುದು ಮಾತ್ರ ಎಂಟನೆಯದರ ಕೊನೆಯ ಒಂದೆರಡು ಪುಟ: 386ರ ಮಿಲಾನ್, ಅಂಜೂರದ ಮರದಡಿ ಅಳುತ್ತ ಬಿದ್ದವನು, ತೆಗೆದುಕೊಂಡು ಓದೆನ್ನುವ ಮಗುವಿನಂಥ ದನಿ, ಪೌಲನ ಪತ್ರ ತೆರೆದೊಡನೆ ಕಂಡ ವಚನ. ದಿಕ್ಕು ತೋಚದವನಿಗೆ ದೇವರು ಒಂದೇ ಗಳಿಗೆಯಲ್ಲಿ ದಾರಿ ತೋರುತ್ತಾನೆಂಬುದಕ್ಕೆ ಇದನ್ನೇ ಸಾಕ್ಷಿ ಮಾಡುತ್ತಾರೆ. ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತಿ, ಬಂದ ವಚನವೇ ವರ್ಷವಿಡೀ ತಮಗೆ ಅಪ್ಪಣೆ ಎಂದು ನಂಬುವ ನಮ್ಮವರಿಗೂ ಇದು ಹಿಡಿಸುತ್ತದೆ. ಆ ಎರಡು ಪುಟಗಳಿಗೆ ಸಂದ ಕೀರ್ತಿ ಅತಿಯಾಯಿತು. ಅದರ ಹಿಂದೆ ಪುಸ್ತಕವೇ ಮರೆಯಾಗಿದೆ.

ಪುಸ್ತಕ ಹೇಳುವುದೇ ಬೇರೆ. ನಾಲ್ಕನೆಯದರಲ್ಲಿ ವಿಂಡಿಸಿಯಾನಸ್ ಎಂಬ ಮುದಿ ವೈದ್ಯ, ಕವಿಯ ಪುಟವನ್ನು ಸುಮ್ಮನೆ ತೆರೆದಾಗ ನಮ್ಮ ಪ್ರಶ್ನೆಗೊಪ್ಪುವ ಸಾಲು ಸಿಕ್ಕುವುದು ಆಕಸ್ಮಿಕವಷ್ಟೇ ಎಂದು ತರುಣ ಅಗಸ್ಟೀನನಿಗೆ ತಿಳಿಹೇಳಿದ್ದಾನೆ. ಇದನ್ನು ದಾಖಲಿಸಿದವನು ನಾಲ್ಕು ಪುಸ್ತಕಗಳಾಚೆ ಅದೇ ಬಗೆಯಲ್ಲಿ ಪೌಲನನ್ನು ತೆರೆಯುತ್ತಾನೆ. ಮರೆತು ಬರೆದದ್ದಲ್ಲ ಇದು. ನಡುವೆ ಏನಾಯಿತೆಂದು ಎಂಟನೆಯ ಪುಸ್ತಕ ಮೊದಲಿನಿಂದಲೂ ಹೇಳುತ್ತ ಬಂದಿದೆ. ಹಿರಿಯ ಪಾದ್ರಿ ಸಿಂಪ್ಲಿಸಿಯಾನಸ್ ಅವನಿಗೆ ರೋಮಿನ ವಾಗ್ಮಿ ವಿಕ್ಟೋರಿನಸ್‌ನ ಕಥೆ ಹೇಳುತ್ತಾನೆ. ಆ ಪ್ರಸಿದ್ಧ ವಿದ್ವಾಂಸ ಜನರೆದುರು ನಿಂತು ತನ್ನ ನಂಬಿಕೆಯನ್ನು ಸಾರಿದವನು. ಆಸ್ಥಾನದ ಅಧಿಕಾರಿ ಪಾಂಟಿಸಿಯಾನಸ್ ಬಂದು ಈಜಿಪ್ಟಿನ ಸನ್ಯಾಸಿ ಅಂತೋನಿಯ ಕಥೆ ಹೇಳುತ್ತಾನೆ. ಆ ಅಂತೋನಿಯ ಚರಿತ್ರೆ ಓದಿ ಚಕ್ರವರ್ತಿಯ ಸೇವೆ ಬಿಟ್ಟ ಇಬ್ಬರು ಅಧಿಕಾರಿಗಳ ಕಥೆಯೂ ಅದರೊಳಗೇ ಬರುತ್ತದೆ. ದನಿ ಕೇಳಿದಾಗ ಅಗಸ್ಟೀನನಿಗೆ ನೆನಪಾಗುವವನೂ ಅಂತೋನಿಯೇ: ಸುವಾರ್ತೆ ಓದುತ್ತಿದ್ದಾಗ ಒಳಗೆ ಬಂದು, ಅದು ತನಗೇ ಹೇಳಿದ ಮಾತೆಂದು ಹಿಡಿದುಕೊಂಡವನು. ಈ ಜನರಿಲ್ಲದಿದ್ದರೆ ಆ ದನಿ ಮಕ್ಕಳಾಟದ ಸದ್ದಾಗಿಯೇ ಉಳಿಯುತ್ತಿತ್ತು.

ಪಕ್ಕದಲ್ಲಿದ್ದ ಗೆಳೆಯ ಅಲಿಪಿಯಸ್‌ನನ್ನಂತೂ ಉಪದೇಶಕರು ಪೂರ್ತಿ ಬಿಟ್ಟೇಬಿಡುತ್ತಾರೆ. ಅಗಸ್ಟೀನ ಓದಿ ಮುಗಿಸಿ ಪತ್ರವನ್ನು ಅವನಿಗೆ ತೋರಿಸುತ್ತಾನೆ. ಅಲಿಪಿಯಸ್ ಮುಂದಿನ ಸಾಲನ್ನು ಓದುತ್ತಾನೆ. ನಂಬಿಕೆಯಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿರೆಂಬ ಆ ಮಾತು ತನಗೇ ಎಂದು ತಗೊಂಡು ಜೊತೆಗೆ ಹೊರಡುತ್ತಾನೆ. ಅವನಿಗೆ ದನಿಯೂ ಬೇಕಾಗಲಿಲ್ಲ, ಕಣ್ಣೀರೂ ಬೇಕಾಗಲಿಲ್ಲ. ಅದೇ ತೋಟ, ಅದೇ ಪತ್ರ. ಗೆಳೆಯ ಮೊದಲು ಓದಿದ್ದನೆಂಬುದೇ ಅವನಿಗೆ ಸಾಕಾಯಿತು.

ವಿದ್ವಾಂಸರದು ಇನ್ನೊಂದು ತೊಡಕು. 1950ರಲ್ಲಿ ಪಿಯರ್ ಕೂರ್ಸೆಲ್ ಈ ದೃಶ್ಯ ಬಹುಪಾಲು ಸಾಹಿತ್ಯ ರಚನೆ, ಅಂಜೂರದ ಮರ ಸಂಕೇತ ಎಂದು ವಾದಿಸಿದ. ತೋಟದ ಘಟನೆಯಾದ ಕೆಲವೇ ತಿಂಗಳಲ್ಲಿ ಅಗಸ್ಟೀನ ಬರೆದ ಸಂವಾದಗಳಲ್ಲಿ ಆ ತೋಟವಿಲ್ಲ ಎಂಬುದೂ ನಿಜ. ಆಗಿನಿಂದ ಜಗಳವೆಲ್ಲ ನಡೆಯಿತೋ ಇಲ್ಲವೋ ಎಂಬುದರ ಸುತ್ತಲೇ. ಭಕ್ತರು ನಡೆಯಿತೆನ್ನುತ್ತಾರೆ, ಸಂದೇಹಿಗಳು ಇಲ್ಲವೆನ್ನುತ್ತಾರೆ. ಇಬ್ಬರೂ ದಿಟ್ಟಿ ನೆಟ್ಟಿರುವುದು ಅದೇ ಮರದ ಬುಡದಲ್ಲಿ. ಕಥೆಯೊಂದು ಕೇಳುವವನ ಬದುಕಿನೊಳಗೆ ಹೊಕ್ಕು ಅವನ ಕಾಲನ್ನು ಹೇಗೆ ತಿರುಗಿಸುತ್ತದೆ ಎಂಬುದು ಅಗಸ್ಟೀನನ ವಿಷಯ. ಅದನ್ನು ಕೇಳದ ವಿಮರ್ಶೆ ಎಷ್ಟೇ ಪಾಂಡಿತ್ಯದ್ದಾದರೂ ಕೃತಿಯ ಹೊರಗೇ ನಿಲ್ಲುತ್ತದೆ. ಚೀಟಿ ಎತ್ತಿ ವಚನ ನೋಡುವ ಭಕ್ತರ ಓದೂ ಅಷ್ಟೇ: ಧರ್ಮಾಧ್ಯಕ್ಷನಾದ ಮೇಲೆ ಬರೆದ ಒಂದು ಪತ್ರದಲ್ಲಿ, ಸುವಾರ್ತೆಯ ಪುಟ ತೆರೆದು ಲೌಕಿಕ ವ್ಯವಹಾರಕ್ಕೆ ಶಕುನ ನೋಡುವುದು ತನಗೆ ಒಪ್ಪಿಗೆಯಿಲ್ಲವೆಂದು ಅಗಸ್ಟೀನನೇ ಹೇಳಿದ್ದಾನೆ.

ಕೃತಿಯ ನಿಜವಾದ ಲೋಪವನ್ನು ಈ ಎರಡು ಪಕ್ಷಗಳೂ ಮುಟ್ಟುವುದಿಲ್ಲ. ಅನೇಕ ವರ್ಷ ಅವನೊಡನೆ ಬಾಳಿ ಮಗ ಅದಿಯೋದಾತಸ್‌ನನ್ನು ಹೆತ್ತವಳು, ಅವನ ಮದುವೆಗೆ ಅಡ್ಡಿಯೆಂದು ಆಫ್ರಿಕಾಕ್ಕೆ ಕಳುಹಿಸಲ್ಪಟ್ಟವಳು, ಇನ್ನು ಬೇರೆ ಗಂಡಸಿನ ಮುಖ ನೋಡುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತೇ ಹೊರಟಳು. ಆ ಹೆಂಗಸನ್ನು ಅನುಸರಿಸಲು ತನ್ನಿಂದಾಗಲಿಲ್ಲ ಎಂದು ಆರನೆಯ ಪುಸ್ತಕದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ತೋಟದಲ್ಲಿ ಅವನು ಕೊನೆಗೂ ಹಿಡಿದ ಸಂಯಮದ ದಾರಿಯನ್ನು ಅವನ ಮನೆಯೊಳಗೇ ಮೊದಲು ಹಿಡಿದವಳು ಅವಳು. ವಿಕ್ಟೋರಿನಸ್, ಅಂತೋನಿ, ಹೆಸರಿಲ್ಲದ ಇಬ್ಬರು ಅಧಿಕಾರಿಗಳು, ಎಲ್ಲರಿಗೂ ಎಂಟನೆಯ ಪುಸ್ತಕದಲ್ಲಿ ಜಾಗವಿದೆ. ಅವಳಿಗಿಲ್ಲ.