ಮೂಡಲಪಾಯದ ಹಿಮ್ಮೇಳ ಮತ್ತು ಧ್ವನಿಸಂಪಾದನೆಯ ಪ್ರಶ್ನೆ

ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಸೀಮೆಯ ಮೂಡಲಪಾಯ ಯಕ್ಷಗಾನವು ವಿದ್ವಾಂಸರ ಗಮನಕ್ಕೆ ಬರಲು ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರ ಶ್ರಮ ಮುಖ್ಯ ಕಾರಣ. ಪ್ರಸಂಗದ ಪಠ್ಯವನ್ನು ಸಂಪಾದಿಸುವಾಗ ನಾವು ಪಾಠಾಂತರಗಳನ್ನು ಗುರುತಿಸುತ್ತೇವೆ. ಹಿಮ್ಮೇಳದ ನಾದವನ್ನು ಕಂಪ್ಯೂಟರಿಗೆ ಇಳಿಸುವಾಗಲೂ ಅದೇ ಶಿಸ್ತು ಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಈ ಹಿಮ್ಮೇಳದಲ್ಲಿ ಭಾಗವತರ ಪದ, ಮುಖವೀಣೆ, ಮದ್ದಳೆ, ತಾಳಗಳು ಒಂದನ್ನೊಂದು ಆಶ್ರಯಿಸಿವೆ. ಒಂದೇ ಮೈಕಿನಲ್ಲಿ ಎಲ್ಲವನ್ನೂ ಹಿಡಿದರೆ ಮುಖವೀಣೆಯ ತೀಕ್ಷ್ಣ ನಾದ ಪದದ ಅಕ್ಷರಗಳನ್ನು ಮುಚ್ಚಬಹುದು. ಹಾಗೆ ಬೆರೆತ ದನಿಗಳನ್ನು ಇಂದಿನ ತಂತ್ರಾಂಶಗಳೂ ಕಲೆಯುಳಿಯದಂತೆ ಬಿಡಿಸಲಾರವು. ಆದ್ದರಿಂದ ಪ್ರತಿಯೊಂದು ದನಿಗೂ ಪ್ರತ್ಯೇಕ ಮೈಕು, ಪ್ರತ್ಯೇಕ ಟ್ರ್ಯಾಕು ಇರುವುದು ಸೂಕ್ತ.

ಕೀಬೋರ್ಡಿನಿಂದ ಮುಖವೀಣೆಯನ್ನು ಮರುಸೃಷ್ಟಿಸುವಾಗ ತೊಡಕು ಇನ್ನೂ ಸೂಕ್ಷ್ಮವಾದುದು. 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯಲ್ಲಿ ಒಂದು ಸಂಪರ್ಕಕ್ಕೆ 16 ಚಾನೆಲ್‌ಗಳು. ಸ್ವರಗಳಿಗೆ 0ಯಿಂದ 127ರವರೆಗಿನ ಸಂಖ್ಯೆಗಳು. ಸ್ವರವನ್ನು ಜಾರಿಸುವ 'ಪಿಚ್ ಬೆಂಡ್' ಆದೇಶ ಒಂದು ಸ್ವರಕ್ಕಲ್ಲ, ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಶ್ರುತಿಯನ್ನೂ ಮುಖವೀಣೆಯನ್ನೂ ಒಂದೇ ಚಾನೆಲ್‌ನಲ್ಲಿಟ್ಟರೆ ಗಮಕದೊಡನೆ ಆಧಾರಶ್ರುತಿಯೂ ಅಲುಗುತ್ತದೆ! ಶ್ರುತಿ ನಿಲ್ಲದ ಕಡೆ ಗಮಕಕ್ಕೆ ಅರ್ಥವಿಲ್ಲ. ಎರಡನ್ನೂ ಬೇರೆ ಬೇರೆ ಚಾನೆಲ್‌ಗಳಿಗೆ ಹಂಚುವುದೇ ಪರಿಹಾರ. ಏಕಕಾಲದ ಪ್ರತಿ ಸ್ವರಕ್ಕೂ ಒಂದೊಂದು ಚಾನೆಲ್ ಕೊಡುವ, 2018ರಲ್ಲಿ ಅಂಗೀಕೃತವಾದ 'ಎಂಪಿಇ' ಕ್ರಮ ಇದೇ ತತ್ತ್ವದ ವಿಸ್ತರಣೆ.

ಹಾಗೆಂದು ವಿಂಗಡಣೆಯೇ ಸತ್ಯವಲ್ಲ. ಭಾಗವತರು ಪದವನ್ನು ಎಳೆದಾಗ ಮದ್ದಳೆ ಕಾಯುತ್ತದೆ. ಆ ಕಾಯುವಿಕೆಯೇ ಈ ಕಲೆಯ ಜೀವ. ಬಿಡಿ ಟ್ರ್ಯಾಕುಗಳನ್ನು ತಂತ್ರಾಂಶದ ಸಮ ಅಳತೆಯ ಕಾಲಪಟ್ಟಿಗೆ ಹೊಂದಿಸಿ 'ತಿದ್ದಿ'ದರೆ ಉಳಿಯುವುದು ಲೆಕ್ಕವೇ ಹೊರತು ಲಯವಲ್ಲ. ಬಿಡಿ ಟ್ರ್ಯಾಕುಗಳ ಜೊತೆಗೆ, ಪ್ರೇಕ್ಷಕರು ಕುಳಿತೆಡೆಯಿಂದ ಎರಡು ಮೈಕುಗಳಲ್ಲಿ ಹಿಡಿದ ಅಖಂಡ ಧ್ವನಿಮುದ್ರಣವನ್ನೂ ತಿದ್ದದೆ ಕಾಪಿಡಬೇಕು. ಮೊದಲನೆಯದು ಸಂಶೋಧಕನಿಗೆ ಪರಿಶೀಲನೆಯ ಆಕರ. ಎರಡನೆಯದು ಆ ಪರಿಶೀಲನೆಗೆ ಒರೆಗಲ್ಲು.

ಯಾವ ದನಿಯನ್ನು ಎಲ್ಲಿಗೆ ಹರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ನಿರ್ಧರಿಸುವವನು ಕೇವಲ ತಂತ್ರಜ್ಞನಲ್ಲ, ಸಂಪಾದಕ. ಗ್ರಂಥಸಂಪಾದಕನು ಸ್ವೀಕೃತ ಪಾಠಕ್ಕೆ ಕಾರಣ ಕೊಡುವಂತೆ ಆತನೂ ತನ್ನ ಹಂಚಿಕೆಯ ವಿವರವನ್ನು ದಾಖಲಿಸಬೇಕು. ಗ್ರಂಥಾಲಯಗಳು ಧ್ವನಿಯೊಡನೆ ಆ ದಾಖಲೆಯನ್ನೂ ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಮುಂದಿನ ತಲೆಮಾರು ತಂತ್ರಾಂಶದ ಅಭ್ಯಾಸವನ್ನೇ ಮೂಡಲಪಾಯದ ಸಂಪ್ರದಾಯವೆಂದು ಭ್ರಮಿಸುವ ಅಪಾಯವಿದೆ.